ಮಿಶಿನ್ ಮನೆಯ ಬಾಡಿಗೆದಾರರು

ವಡೋದರಾ
೧೪ ಜೂನ್ ೨೦೨೪

ಹೇಮಾವತಿ,

ಫೋನಿನಲ್ಲಿ ನೀನು ಮಾತಾಡುವುದಿಲ್ಲ. ಮೆಸೇಜಿಗೆ 'ಹ್ಞೂಂ ರಿ' ಎಂದು ಉತ್ತರಿಸುತ್ತೀಯ. ಕಬ್ಬಿಣದ ಮೆಟ್ಟಿಲಿಗೆ ಹಸಿರು ಬಣ್ಣ ಹಚ್ಚಿದವರು ಯಾರು ಎಂದು ಕೇಳಿದರೂ 'ಹ್ಞೂಂ ರಿ'. ಗಂಡನ ಅಣ್ಣನ ಎದುರು ಬಾಯಿ ತೆರೆಯಬಾರದೆಂಬ ನಮ್ಮ ಮನೆಯ ಪದ್ಧತಿಯನ್ನು ಟೆಲಿಫೋನಿಗೂ ಹಚ್ಚಬೇಕಿತ್ತೇ ಎಂದು ನಾನು ಕೇಳುವುದಿಲ್ಲ. ಪಂಪಾಪತಿ ಇದ್ದಾಗ ಈ ತೊಡಕಿರಲಿಲ್ಲ. ನಾನು ತಮ್ಮನಿಗೆ ಹೇಳುತ್ತಿದ್ದೆ, ಅವನು ಮಾಡುತ್ತಿದ್ದ, ಇಲ್ಲವೇ ಮಾಡಿದೆ ಎನ್ನುತ್ತಿದ್ದ. ಈಗ ಅವನಿಲ್ಲ. ಅವನು ಹೋದಂದಿನಿಂದ ಗಿರಣಿಯ ಕೆಲಸ ಅರ್ಧಕ್ಕೆ ನಿಂತಿದೆ. ಆದ್ದರಿಂದ ಈ ಪತ್ರ.

ನಾವು ಅಲ್ಲಿ ಏನು ಮಾಡುತ್ತಿದ್ದೇವೆ ಎಂಬುದನ್ನು ಅವನು ನಿನಗೆ ಹೇಳಿದ್ದನೋ ಇಲ್ಲವೋ ತಿಳಿಯದು. ಹೇಳುತ್ತೇನೆ. ರಾಯಚೂರು ರಸ್ತೆಯಲ್ಲಿ ಮುಚ್ಚಿಬಿದ್ದಿದ್ದ ಅಕ್ಕಿ ಗಿರಣಿಯನ್ನು ಅಣ್ಣತಮ್ಮಂದಿರು ಸೇರಿ ಕೊಂಡದ್ದು ಕೆಡವುವುದಕ್ಕಲ್ಲ. ಕೆಡವಿ ಕಲ್ಯಾಣ ಮಂಟಪ ಕಟ್ಟುವವರು ಗಂಗಾವತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಳಗೆ, ಯಂತ್ರಗಳಿದ್ದ ದೊಡ್ಡ ಕೋಣೆಯಲ್ಲಿ, ಜನ ಮೇಜು ಹಾಕಿಕೊಂಡು ತಮ್ಮ ತಮ್ಮ ಕೆಲಸ ಮಾಡುತ್ತಾರೆ. ಮೇಲೆ, ತಗಡಿನ ಚಾವಣಿಯ ಕೆಳಗೆ ಕಬ್ಬಿಣದ ನೆಲ ಹಾಕಿ, ವಾಸದ ಮನೆಗಳು. ಲಾಫ್ಟ್ ಎನ್ನುತ್ತಾರೆ. ಆ ಮನೆಗಳೊಳಗೆ ಗೋಡೆ ಇರುವುದಿಲ್ಲ. ಒಂದೇ ಕೋಣೆ, ಎತ್ತರ, ಬೆಳಕು, ಗಿಲಾವು ತೆಗೆದ ಹಳೆಯ ಇಟ್ಟಿಗೆ. ಇದನ್ನು ನಾನು ಮೂವತ್ತು ವರ್ಷ ಬೇರೆಯವರ ಊರುಗಳಲ್ಲಿ ಮಾಡಿದ್ದೇನೆ. ನಮ್ಮ ಊರಿನಲ್ಲಿ ಒಂದು ಸಲ ಮಾಡಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಇಲ್ಲ.

ಮೇಸ್ತ್ರಿ ದ್ಯಾಮಣ್ಣ ಕಳಿಸಿದ ಫೋಟೋದಲ್ಲಿ ಎರಡನೆಯ ಮನೆಯ ಬಾಗಿಲಿಗೆ ಮರದ ಹೊಸ್ತಿಲು ಕಂಡಿತು. ಅದು ಹಳಿಯ ಮೇಲೆ ಸರಿಯುವ ಬಾಗಿಲು. ಹೊಸ್ತಿಲಿದ್ದರೆ ಸರಿಯುವುದಿಲ್ಲ. ತೆಗೆಸು.

ನೀನು ಇದಕ್ಕಾಗಿ ಮೈಮುರಿಯಬೇಕಿಲ್ಲ. ನೋಡಿ ಬರೆದರೆ ಸಾಕು. ನನ್ನ ತಮ್ಮನ ಹೆಂಡತಿ ದುಡಿದು ತಿನ್ನುವ ಕಾಲ ಬಂದಿಲ್ಲ.

ಕಾಶಿನಾಥ


ಗಂಗಾವತಿ
೨ ಜುಲೈ ೨೦೨೪

ಭಾವನವರೇ,

ಪತ್ರ ಮುಟ್ಟೈತಿ. ನಿಮಗ ಹೆಂಗ ಬರೀಬೇಕು ಅನ್ನೂದು ತಿಳೀದ ಭಾಳ ದಿನ ಸುಮ್ನ ಕುಂತೆ. ನಾನು ಮಾತಾಡೂ ಹಂಗ ಬರೀತೀನಿ. ತಪ್ಪು ಹಿಡೀಬ್ಯಾಡ್ರಿ.

ಮೊದಲು ಹೊಸ್ತಿಲದ್ದು. ಎರಡನೇ ಮನಿಗೆ ಬಂದಾಕಿ ವಿರೂಪಾಕ್ಷಮ್ಮ ಅಂತ, ದವಾಖಾನಿಯಾಗ ನರ್ಸ್, ಯಾವಾಗಲೂ ರಾತ್ರಿ ಪಾಳಿ. ಬಂದ ದಿನಾನೇ ಬಾಗಲದಾಗ ನಿಂತು ಅರಿಷಿಣ ಎಲ್ಲಿ ಹಚ್ಚಲಿ ಅಂತ ಕೇಳಿದ್ಲು. ಹಳಿ ಮ್ಯಾಲೆ ಹಚ್ರಿ ಅಂದೆ. ನಾನೇನು ರೈಲ್ವೇದಾಕಿ ಏನವ್ವಾ ಅಂದ್ಲು. ಆಕಿಗಿಂತ ಮೊದಲ ಬಂದ ಎರಡು ಮನಿತನ ಹೊಸ್ತಿಲಿಲ್ಲ ಅಂತಾನೇ ತಿರುಗಿ ಹೋಗ್ಯಾರ. ಅದಕ್ಕ ದ್ಯಾಮಣ್ಣಗ ಹೇಳಿ ಕೂಡಿಸಿದೆ. ಈಗ ಬಾಗಲಾ ಅರ್ಧಾನೇ ತೆರೀತೈತಿ. ಆಕಿ ಅಡ್ಡಡ್ಡ ಒಳಗ ಹೋಗ್ತಾಳ, ಆದ್ರ ಖುಷಿಯಿಂದ ಹೋಗ್ತಾಳ.

ಲಾಫ್ಟ್ ಅಂತ ನೀವು ಅನ್ನೂ ಹೆಸರು ಇಲ್ಲಿ ಯಾರ ಬಾಯಾಗೂ ಹೊಳ್ಳವಲ್ದು. ಎಲ್ಲಾರೂ ಅಟ್ಟ ಅಂತಾರ. ಕಾರಟಗಿ ಕಡೆಯವರೊಬ್ಬರು ಬಂದು, ಕತ್ತ ಎತ್ತಿ ನೋಡಿ, "ಅಟ್ಟದ ಮ್ಯಾಲೆ ಹಳೆ ಹಂಡೆ ಇಡ್ತಾರ, ಹೆಂಡರ ಮಕ್ಕಳನ್ನ ಇಡ್ತಾರೇನ್ರಿ?" ಅಂದು ಹೋದ್ರು.

ಕೆಳಗಿನ ಮಿಶಿನ್ ಮನಿಗೆ ಕಂಪ್ಯೂಟರ್ ಮಂದಿ ಬರ್ತಾರ ಅಂತ ನೀವು ನಿಮ್ಮ ತಮ್ಮಗ ಹೇಳಿದ್ರಿ. ದಾರಿ ನೋಡಿದೆ. ಬಂದವರು ಒಬ್ಬ ತತ್ತಿ ಇಡಾಕ, ಒಬ್ಬ ಗೊಬ್ಬರದ ಚೀಲ ಇಡಾಕ. ಕಡೀಕೆ ಕುಷ್ಟಗಿಯ ಬಾನುಬೀ ಅನ್ನೂ ಹೆಣ್ಣಮಗಳಿಗೆ ಕೊಟ್ಟೀನಿ. ಖಡಕ್ ರೊಟ್ಟಿ ಮಾಡ್ತಾರ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಭತ್ತದ ನಾಟಿಗಂತ ಬಂದು ಇಲ್ಲೇ ಉಳದ ಹೆಣ್ಣಮಕ್ಕಳು ಹತ್ತು ಹನ್ನೆರಡು ಮಂದಿ ಕುಂತು ಬಡೀತಾರ. ಹುಬ್ಬಳ್ಳಿ, ಸೊಲ್ಲಾಪುರದ ತನಕ ಹೋಗ್ತೈತಿ. ಕೆಳಗ ಕೆಲಸ ಮ್ಯಾಲೆ ಮನಿ ಅಂತ ನೀವೇ ಹೇಳೀರಿ. ಇದೂ ಕೆಲಸಾನೇ ಅಲ್ರಿ.

ಅವಸರದಾಗ ಬರದೀನಿ. ಕಾಗದದ ಮ್ಯಾಲೆ ಪುಡಿ ಬಿದ್ದಿದ್ರ ಝಾಡಿಸಿಕೊಳ್ರಿ.

ಹೇಮಾವತಿ


ವಡೋದರಾ
೧೯ ಜುಲೈ ೨೦೨೪

ಹೇಮಾವತಿ,

ರೊಟ್ಟಿ.

ನಿನ್ನ ಪತ್ರ ಓದಿದ ಮೇಲೆ ಈ ಒಂದು ಶಬ್ದವನ್ನು ನಾನು ಆಫೀಸಿನಲ್ಲಿ ಗಟ್ಟಿಯಾಗಿ ಹೇಳಿರಬೇಕು, ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಕ್ಕಿ ಗಿರಣಿಯಲ್ಲಿ ಜೋಳದ ರೊಟ್ಟಿ ಎಂಬ ತಮಾಷೆಯನ್ನು ಬೇರೆ ಸಂದರ್ಭದಲ್ಲಿ ನಾನೂ ಮೆಚ್ಚುತ್ತಿದ್ದೆ. ಆದರೆ ಮೇಲಿನ ನೆಲ ಕಬ್ಬಿಣದ್ದು. ಕೆಳಗೆ ಒಬ್ಬ ಹೆಂಗಸು ಹಲಗೆಯ ಮೇಲೆ ಕೈ ಬಡಿದರೆ ಮೇಲೆ ತಟ್ಟೆ ಅದುರುತ್ತದೆ. ಹನ್ನೆರಡು ಜನ ಬಡಿದರೆ ಏನಾಗುತ್ತದೆ? ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಿನ್ನ ಲಕೋಟೆಯಲ್ಲೇ ಇತ್ತು. ಬಿಚ್ಚಿದಾಗ ಮಡಿಕೆಯಿಂದ ಬಿಳಿ ಪುಡಿ ಉದುರಿತು. ಬೆರಳ ನಡುವೆ ತಿಕ್ಕಿ ನೋಡಿದೆ. ಸುಣ್ಣ. ಇಟ್ಟಿಗೆಯ ಸಂದಿನ ಹಳೆಯ ಗಾರೆ ಸಡಿಲಾಗಿ ಉದುರುತ್ತಿದೆ. ನೀನು ಅದರ ಕೆಳಗೆ ಕೂತು ಪತ್ರ ಬರೆದು, ಝಾಡಿಸಿಕೊಳ್ಳಿ ಎನ್ನುತ್ತೀಯ.

ಕೊಪ್ಪಳದಿಂದ ಗ್ಯಾನಪ್ಪ ಎಂಬ ಇಂಜಿನಿಯರನ್ನು ಕಳಿಸುತ್ತೇನೆ. ಗೋಡೆಗಳನ್ನು ನೋಡುತ್ತಾರೆ. ಅಷ್ಟರೊಳಗೆ ಆ ಬಾನುಬೀಗೆ ಬೇರೆ ಜಾಗ ಹುಡುಕಿಕೊಳ್ಳಲು ಹೇಳು. ಒರಟಾಗಿ ಹೇಳಬೇಕಿಲ್ಲ. ಹೇಳಿದರೆ ಸಾಕು.

ಹೊಸ್ತಿಲ ಬಗ್ಗೆ ನೀನು ಬರೆದದ್ದು ಅರ್ಥವಾಯಿತು. ಆದರೂ ತೆಗೆಸು.

ಕಾಶಿನಾಥ


ಗಂಗಾವತಿ
೩೦ ಆಗಸ್ಟ್ ೨೦೨೪

ಭಾವನವರೇ,

ನಿಮ್ಮ ಇಂಜಿನಿಯರ್ ಗ್ಯಾನಪ್ಪನವರು ಬಂದು ಹೋದ್ರು. ಸಣ್ಣ ಸುತ್ತಿಗಿ ತಂದಿದ್ರು. ಮುಂಜಾನಿಂದ ಊಟದ ಹೊತ್ತಿನ ತನಕ ಒಂದೊಂದು ಗೋಡಿ ಬಡದು, ಕಿವಿ ಹಚ್ಚಿ ಕೇಳಿದ್ರು. ಕೆಳಗ ರೊಟ್ಟಿ ಬಡಿಯೂ ಸಪ್ಪಳಕ್ಕ ಅವರಿಗೆ ತಮ್ಮ ಸುತ್ತಿಗಿ ಸಪ್ಪಳಾನೇ ಕೇಳವಲ್ದು. ಒಂದೀಟು ನಿಲ್ಲಿಸ್ರವ್ವಾ ಅಂದ್ರು. "ನಾವು ನಿಂತ್ರ ಒಲಿ ನಿಲ್ಲಂಗಿಲ್ರಿ ಸರ, ನೀವೇ ಸ್ವಲ್ಪ ನಿಲ್ರಿ" ಅಂತ ಬಾನುಬೀ ಅಂದ್ಲು. ನಿಂತ್ರು. ಪುಂಡಿ ಪಲ್ಲೆ ಜೋಡಿ ರೊಟ್ಟಿ ತಿಂದ್ರು. ಗೋಡಿ ಗಟ್ಟಿ ಐತಿ, ಎಲ್ಲೂ ಸುಣ್ಣ ಉದುರಿಲ್ಲ, ಆ ಪುಡಿ ಎಲ್ಲಿಂದ ಬಂತು ಅಂತ ನನ್ನ ಕೇಳಿದ್ರು. ನನಗೇನು ಗೊತ್ತು ಅಂದೆ.

ಸಪ್ಪಳದ್ದು ಮಾತ್ರ ಖರೆ. ವಿರೂಪಾಕ್ಷಮ್ಮ ರಾತ್ರೆಲ್ಲಾ ದವಾಖಾನಿಯಾಗಿದ್ದು ಮುಂಜಾನೆ ಬಂದು ಮಲಗ್ತಾಳ, ಆವಾಗಲೇ ಇಲ್ಲಿ ಹಲಗಿ ಸುರು. ಮೊನ್ನೆ ಮೆಟ್ಟಲದ ಮ್ಯಾಲೆ ನಿಂತು ಒದರಾಡಿದ್ಲು, ಈ ಗಿರಣಿ ಮುಚ್ಯಾರೋ ಇಲ್ಲೋ ಅಂತ. ನನ್ನ ನಿದ್ದಿ ಕೆಡಿಸಿದ ಪಾಪ ನಿಮಗ ತಟ್ಟತೈತಿ ಅಂದ್ಲು. ತಟ್ಟೂದು ನಮ್ಮ ಕಸಬೇ ಐತ್ರಿ ಅಕ್ಕಾರ ಅಂತ ಕೆಳಗಿಂದ ಒಬ್ಬಾಕಿ. ಎಲ್ಲಾರೂ ನಕ್ಕರು. ಆಕಿ ನಗಲಿಲ್ಲ. ನಿಮಗ ಫೋನ್ ಮಾಡ್ತೀನಿ ಅಂದಾಳ, ಮಾಡಿರಬೇಕು.

ಬಾನುಬೀಗೆ ಹೇಳೀನಿ. ದಸರಾ ತನಕ ಟೈಮ್ ಕೇಳ್ಯಾಳ. ಆಕಿ ದುಡಿಮಿ ಮ್ಯಾಲೆ ಬರೇ ಆಕಿ ಒಬ್ಬಾಕೀನೇ ನಿಂತಿಲ್ಲ, ಅಷ್ಟೂ ಹೆಣ್ಣಮಕ್ಕಳು ನಿಂತಾರ. ಕಾಲಿವಿ ನೀರು ಬಿಟ್ಟಾಗ ನಾಟಿ, ಬಿಡದಿದ್ರ ಏನೂ ಇಲ್ಲ ಅನ್ನೂ ಬದುಕಾಗಿತ್ತು ಅವರದು. ವರ್ಷಪೂರ್ತಿ ನೆರಳಾಗ ಕುಂತು ಮಾಡೂ ಕೆಲಸ ಇದೊಂದ.

ಮತ್ತೊಂದು. ಹೋದ ವಾರ ಟೈ ಕಟ್ಟಿಕೊಂಡ ಇಬ್ಬರು ಬಂದು ಮಿಶಿನ್ ಮನಿ ಟೇಪ್ ಹಿಡದು ಅಳದು ಹೋದ್ರು. ನಿಮ್ಮ ಹೆಸರು ಹೇಳಿದ್ರು. ಯಾರವರು?

ಹೇಮಾವತಿ


ವಡೋದರಾ
೧೨ ಸೆಪ್ಟೆಂಬರ್ ೨೦೨೪

ಹೇಮಾವತಿ,

ವಿರೂಪಾಕ್ಷಮ್ಮನವರು ಫೋನ್ ಮಾಡಿದ್ದರು. ಫೋನಿನಲ್ಲಿ ಅವರ ಮಾತಿನ ಹಿಂದೆ ನಾನು ಆ ಸದ್ದನ್ನು ಕೇಳಿದೆ. ಬಹಳ ಹೊತ್ತು ಕೇಳಿದೆ. ಅವರು ನಾನು ತಮ್ಮ ದೂರನ್ನು ಗಂಭೀರವಾಗಿ ಆಲಿಸುತ್ತಿದ್ದೇನೆಂದು ತಿಳಿದು ಸಮಾಧಾನಗೊಂಡರು.

ಗ್ಯಾನಪ್ಪನವರ ವರದಿ ಬಂತು. ಗೋಡೆ ಗಟ್ಟಿ ಎನ್ನುತ್ತಾರೆ. ರೊಟ್ಟಿ ತಿಂದು ಬರೆದ ವರದಿಯನ್ನು ನಾನು ಎಷ್ಟು ನಂಬಬೇಕು? ನಿನ್ನ ಎರಡನೆಯ ಪತ್ರದಲ್ಲೂ ಪುಡಿ ಇತ್ತು. ಅದನ್ನು ಒಂದು ಸಣ್ಣ ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ.

ಅಳೆದುಹೋದವರು ಕಟ್ಟಡದಲ್ಲಿ ಆಸಕ್ತಿ ಇರುವವರು. ಇಂಥ ಕಟ್ಟಡಗಳನ್ನು ಜನ ನೋಡಲು ಬರುತ್ತಾರೆ, ಅಳೆಯುತ್ತಾರೆ. ನೀನು ಅದರ ಬಗ್ಗೆ ಯೋಚಿಸಬೇಕಿಲ್ಲ. ಚಳಿಗಾಲದಲ್ಲಿ ಒಂದು ಪತ್ರಿಕೆಯವರು ಇಟಗಿಯ ದೇವಾಲಯದ ಫೋಟೋ ತೆಗೆಯಲು ಬರುವವರಿದ್ದಾರೆ, ಹಾಗೆಯೇ ನಮ್ಮ ಗಿರಣಿಗೂ ಬರುತ್ತಾರೆ. ಅಷ್ಟರಲ್ಲಿ ಕೋಣೆ ಖಾಲಿ ಇರಬೇಕು. ಒಲೆ, ಹೊಗೆ, ಬುಟ್ಟಿ, ಯಾವುದೂ ಇರಬಾರದು.

ಪಂಪಾಪತಿ ಯಾವ ಮಾತಿಗೂ 'ಆಯ್ತಣ್ಣ' ಎನ್ನುತ್ತಿದ್ದ. ಅವನ 'ಆಯ್ತಣ್ಣ'ಗಳಲ್ಲಿ ಎಷ್ಟು ನಿಜವಾಗಿ ಆದವು ಎಂದು ಈಚೆಗೆ ಯೋಚಿಸುತ್ತಿರುತ್ತೇನೆ. ದೂರದಿಂದ ಕಟ್ಟಡ ಕಟ್ಟುವವನಿಗೆ ಇದೊಂದು ಸಂಕಟ. ನಕ್ಷೆಯಲ್ಲಿ ಎಲ್ಲವೂ ಇರುತ್ತದೆ, ಸ್ಥಳದಲ್ಲಿ ಇನ್ನೇನೋ ಇರುತ್ತದೆ. ಎರಡಕ್ಕೂ ನನ್ನ ಹೆಸರೇ ಇರುತ್ತದೆ.

ದಸರಾ ಎಂದರೆ ದಸರಾ.

ಕಾಶಿನಾಥ


ವಡೋದರಾ
೪ ನವೆಂಬರ್ ೨೦೨೪

ಹೇಮಾವತಿ,

ದಸರಾ ಮುಗಿಯಿತು. ದೀಪಾವಳಿಯೂ ಮುಗಿಯಿತು. ನಿನ್ನಿಂದ ಪತ್ರವಿಲ್ಲ. ದ್ಯಾಮಣ್ಣನನ್ನು ಕೇಳಿದರೆ "ಎಲ್ಲಾ ಛಲೋ ಐತ್ರಿ ಸಾಹೇಬ್ರ" ಎನ್ನುತ್ತಾನೆ. ಕೋಣೆ ಖಾಲಿಯಾಯಿತೇ ಎಂದರೆ ಲೈನು ಕಡಿಯುತ್ತದೆ.

ಖಾಲಿಯಾಯಿತೇ?

ಕಾಶಿನಾಥ


ಗಂಗಾವತಿ
೨೧ ನವೆಂಬರ್ ೨೦೨೪

ಭಾವನವರೇ,

ಖಾಲಿ ಆಗಿಲ್ಲ.

ಸುಳ್ಳು ಬರಿಯಾಕ ಬರಲಿಲ್ಲ, ಅದಕ್ಕ ಇಷ್ಟು ದಿನ ಬರೀಲಿಲ್ಲ. ಬಾನುಬೀ ಜೋಡಿ ನಾನೂ ಹೋಗಿ ಜಾಗ ನೋಡೀನಿ. ಕೊಪ್ಪಳದಾಗ ಒಂದು ಕಡೆ ಹೊಗಿ ಬ್ಯಾಡ ಅಂದ್ರು. ಇಲ್ಲೇ ಬಸ್‌ಸ್ಟ್ಯಾಂಡ್ ಹಿಂದ ಒಂದು ಕಡೆ ಎಲ್ಲಾ ಒಪ್ಪಿ, ಆಕಿ ಹೆಸರು ಕೇಳಿದ ಮ್ಯಾಲೆ ಮನ್ಯಾಗ ಹಿರಿಯರನ್ನ ಕೇಳಿ ಹೇಳ್ತೀವಿ ಅಂದ್ರು. ಆ ಹಿರಿಯರು ಇನ್ನೂ ಸಿಕ್ಕಿಲ್ಲ. ಹುಲಿಗಿ ಹಾದ್ಯಾಗ ಒಂದು ತಗಡಿನ ಶೆಡ್ ಐತಿ, ಬಾಗಲಿಲ್ಲ, ನೀರಿಲ್ಲ. ಹುಣ್ಣಿಮಿ ಬಂತಂದ್ರ ಗುಡಿಗೆ ಹೋಗೂ ಮಂದಿ ಅಲ್ಲೇ ಇಳೀತಾರ, ಅಲ್ಲೇ ಅಡಿಗಿ ಮಾಡ್ತಾರ.

ಮಿಶಿನ್ ಮನ್ಯಾಗ ಎಲ್ಲಾ ಐತಿ. ಎತ್ತರ ಚಾವಣಿ, ಹೊಗಿ ಮ್ಯಾಲೆ ಹೋಗ್ತೈತಿ. ಗಟ್ಟಿ ನೆಲ. ನೀವು ಬೆಳಕಿಗಂತ ತೆಗಿಸಿದ ದೊಡ್ಡ ಕಿಡಕಿ. ಆ ಕಿಡಕಿ ಬೆಳಕಿನಾಗ ರೊಟ್ಟಿ ಹೊತ್ತೈತೋ ಇಲ್ಲೋ ಛಂದ ಕಾಣತೈತಿ ಅಂತಾರ. ಅಷ್ಟು ಛಲೋ ಕಟ್ಟೀರಿ.

ವಿರೂಪಾಕ್ಷಮ್ಮನ ಜೋಡಿ ಒಂದು ಹೊಂದಾಣಿಕಿ ಆಗೈತಿ. ಆಕಿ ಮಲಗಿದಾಗ ಹಿಟ್ಟು ಸಾಣಿಸೂದು, ಎಸರು ಇಡೂದು, ಒಣಗಿದ್ದು ಕಟ್ಟೂದು. ಎದ್ದ ಮ್ಯಾಲೆ ಬಡಿಯೂದು. ಆದ್ರೂ ಬೈತಾಳ. ಮೊದಲಿನಷ್ಟಿಲ್ಲ.

ಟೈ ಕಟ್ಟಿಕೊಂಡವರು ಮತ್ತ ಬಂದಿದ್ರು. ಗಾಜಿನ ಗೋಡಿ ಎಲ್ಲಿ ಬರತೈತಿ ಅಂತ ತಮ್ಮತಮ್ಮಾಗ ಮಾತಾಡಿಕೊಂಡ್ರು. ನಿಮ್ಮನ್ನ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಿಶಿನ್ ಮನಿ ಅವರಿಗೆ ಕೊಡೂ ವಿಚಾರ ಐತೇನ್ರಿ? ಇದ್ರ ಹೇಳ್ರಿ. ಗಿರಣಿ ಒಳಗ ಅರ್ಧ ನಿಮ್ಮ ತಮ್ಮನದು. ನನಗ ಮಕ್ಕಳಿಲ್ಲ, ಮರಿ ಇಲ್ಲ. ಈಗ ಆ ಅರ್ಧ ನಂದು.

ಹೇಮಾವತಿ


ವಡೋದರಾ
೧೦ ಡಿಸೆಂಬರ್ ೨೦೨೪

ಹೇಮಾವತಿ,

ಪತ್ರಿಕೆಯವರ ಭೇಟಿ ಮುಂದಕ್ಕೆ ಹೋಗಿದೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ನೀನು ಬಾನುಬೀಯ ವಕೀಲಳಾಗಿದ್ದೀಯ. ಅದು ನಿನ್ನ ಸ್ವಭಾವ ಇರಬೇಕು, ನನಗೆ ತಿಳಿಯದು. ಹತ್ತೊಂಬತ್ತು ವರ್ಷ ನೀನು ನನ್ನ ತಮ್ಮನ ಮನೆಯಲ್ಲಿದ್ದೆ. ನಾನು ಬಂದಾಗಲೆಲ್ಲ ಚಹಾ ಬರುತ್ತಿತ್ತು, ಊಟ ಬರುತ್ತಿತ್ತು, ತಲೆಯ ಮೇಲೆ ಸೆರಗಿರುವ ಒಂದು ಆಕೃತಿ ಒಳಗೆ ಸರಿಯುತ್ತಿತ್ತು. ಅದರ ಸ್ವಭಾವ ಏನೆಂದು ನಾನು ಕೇಳಲಿಲ್ಲ. ಈಗ ಪತ್ರಗಳಲ್ಲಿ ಅದು ವಾದ ಮಾಡುತ್ತಿದೆ.

ನಿನ್ನ ಕಿಟಕಿಯ ಮಾತು ಓದಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ ಎನ್ನಲಾರೆ. ಆದರೆ ಆ ಕಿಟಕಿಯನ್ನು ನಾನು ನಕ್ಷೆಯಲ್ಲಿ ರೊಟ್ಟಿಗಾಗಿ ಬರೆದಿರಲಿಲ್ಲ.

ಒಟ್ಟು ಕಟ್ಟಡದ ಭವಿಷ್ಯ ನೋಡಬೇಕಾಗುತ್ತದೆ. ಸಮಯ ಬಂದಾಗ ಎಲ್ಲವನ್ನೂ ವಿವರವಾಗಿ ಬರೆಯುತ್ತೇನೆ. ನೀನು ಆತಂಕಪಡಬೇಡ. ಮೇಲಿನ ಮನೆಗಳಲ್ಲಿ ಒಂದನ್ನು ನಿನಗೆಂದೇ ಇಟ್ಟಿದ್ದೇನೆ.

ಈ ಚಳಿಗಾಲದಲ್ಲಿ ನಾನು ಆ ಕಡೆ ಬರಲಾರೆ. ಕೆಲಸ ಬಹಳ ಇದೆ.

ಕಾಶಿನಾಥ


ಗಂಗಾವತಿ
೭ ಜನವರಿ ೨೦೨೫

ಭಾವನವರೇ,

ಬರಂಗಿಲ್ಲ ಅಂತ ಬರದಿದ್ರಿ. ಶುಕ್ರವಾರ ಬಂದಿದ್ರಿ.

ಆ ಟೈನವರ ಕಾರಿನಾಗ ಬಂದು, ಮೊದಲ ಮ್ಯಾಲೆ ಹೋಗಿ ಮನಿ ತೋರಿಸಿದ್ರಿ. ವಿರೂಪಾಕ್ಷಮ್ಮನ ಹೊಸ್ತಿಲಕ್ಕ ಎಡವಿದ್ರಿ, ಮ್ಯಾಲಿಂದ ಸಪ್ಪಳ ಬಂತು. ಆಮ್ಯಾಲೆ ಕೆಳಗ ಮಿಶಿನ್ ಮನಿ ಬಾಗಲದಾಗ ನಿಂತ್ರಿ. ಒಳಗ ಎಲ್ಲಾರೂ ತಲಿಗೆ, ಬಾಯಿಗೆ ಅರಿವಿ ಕಟ್ಟಿಕೊಂಡಿದ್ರು. ಊಟದ ಸಾಮಾನು ಮಾಡೂ ಕಡೆ ಕಟ್ಟಬೇಕು ಅಂತ ಸರಕಾರದವರು ಹೇಳ್ಯಾರ, ಹಿಟ್ಟಿಗೂ ಹೊಗಿಗೂ ಛಲೋ ಆಗತೈತಿ. ಬಾಗಲದ ಹತ್ರದ ಒಲಿ ಮುಂದ ಒಬ್ಬಾಕಿ ಕುಂತಿದ್ಲು, ಮೊಣಕೈ ತನಕ ಹಿಟ್ಟು. ನೀವು ಆಕಿ ಮುಂದ ಬಗ್ಗಿ ಕೇಳಿದ್ರಿ, ಹೇಮಾವತಿ ಇಲ್ಲಿಗೆ ಬರುತ್ತಿರುತ್ತಾಳಾ ಅಂತ. ಆಕಿ ಹೌದ್ರಿ ಅಂದ್ಲು.

ನೀವು ಅಂದದ್ದು ಇಷ್ಟು. ಒಂದು ಅಕ್ಷರ ಹಿಂದಮುಂದ ಮಾಡಿಲ್ಲ.

"ನಾನು ಬಂದದ್ದು ಅವಳಿಗೆ ಹೇಳಬೇಡ, ನಾನೇ ಬರೆದು ತಿಳಿಸುತ್ತೇನೆ. ಈ ಜಾಗ ಕಂಪ್ಯೂಟರ್ ಕಂಪನಿಯವರಿಗೆ ಕೊಟ್ಟಾಗಿದೆ. ಯುಗಾದಿ ಹೊತ್ತಿಗೆ ನೀವೆಲ್ಲ ಬೇರೆ ಕಡೆ ನೋಡಿಕೊಳ್ಳಿ."

ಅವರು ಒಪ್ಪ್ಯಾರೇನ್ರಿ ಅಂತ ಆಕಿ ಕೇಳಿದ್ಲು.

"ಅವಳಿಗೆ ಇದೆಲ್ಲ ತಿಳಿಯುವುದಿಲ್ಲ. ತೋರಿಸಿದಲ್ಲಿ ಸಹಿ ಹಾಕುತ್ತಾಳೆ."

ಆಮ್ಯಾಲೆ ಬುಟ್ಟಿಯಾಗಿನ ಒಂದು ರೊಟ್ಟಿ ತಗೊಂಡು, ಮುರದು, ನಿಂತಲ್ಲೇ ತಿಂದ್ರಿ. ಚೆನ್ನಾಗಿದೆ ಅಂದ್ರಿ. ಹೋದ್ರಿ.

ಆ ಹೆಣ್ಣಮಗಳು ನಾನೇ ರಿ.

ನೀವು ಗುರುತು ಹಿಡೀಲಿಲ್ಲ ಅಂತ ಸಿಟ್ಟಿಲ್ಲ. ಇಷ್ಟು ವರ್ಷ ನಾನು ತಲಿ ಎತ್ತಲಿಲ್ಲ, ನೀವು ನೋಡಲಿಲ್ಲ. ನಿಮ್ಮ ಪಾದ ಎಲ್ಲಿ ಕಂಡ್ರೂ ನಾನು ಗುರುತು ಹಿಡೀತೀನಿ. ನನ್ನ ಮಾರಿ ನೋಡಿ ನೀವು ಹಿಡಿಯಂಗಿಲ್ಲ. ಅದು ನಮ್ಮ ಮನಿ ರೀತಿ, ಹೋಗಲಿ. ಆದ್ರ ನೀವು ಅಂದ ಮಾತು ಆ ರೀತಿ ಒಳಗ ಬರಂಗಿಲ್ಲ.

ಇನ್ನ ಮುಚ್ಚಿಡೂದು ಏನೈತಿ. ನಿಮ್ಮ ತಮ್ಮ ಹೋದ ಮ್ಯಾಲೆ ನನ್ನ ಮನ್ಯಾಗ ಗಡಿಯಾರದ ಸಪ್ಪಳ ಬಿಟ್ರ ಏನೂ ಇರಲಿಲ್ಲ. ನೀವು ನೋಡಿ ಬರೀ ಅಂದ್ರಿ, ನೋಡಾಕಂತ ಗಿರಣಿಗೆ ಬರ್ತಿದ್ದೆ. ಸುಮ್ನ ನಿಂತು ನೋಡೂದು ಎಷ್ಟು ದಿನ ಆಗತೈತಿ? ಬಾನುಬೀ ಬಂದ ವಾರದಾಗ ನಾನೂ ಒಂದು ಹಲಗಿ ಹಾಕಿಕೊಂಡೆ. ಈಗ ಆ ಕೆಲಸ ಆಕೀದು ನಂದು ಇಬ್ಬರದೂ ಕೂಡಿ ಐತಿ. ಹೇಳಿದ್ರ ಬ್ಯಾಡ ಅಂತೀರಿ, ಮನಿತನದ ಮರ್ಯಾದಿ ಅಂತೀರಿ ಅಂತ ಹೇಳಲಿಲ್ಲ. ನೀವು ಡಬ್ಬಿಯಾಗ ತೆಗದಿಟ್ಟದ್ದು ಸುಣ್ಣ ಅಲ್ರಿ, ಜ್ವಾಳದ ಹಿಟ್ಟು. ಅದಕ್ಕ ಹುಳ ಬಿದ್ದಿರಬೇಕು, ಚೆಲ್ರಿ.

ನಾನು ಸಹಿ ಹಾಕಂಗಿಲ್ಲ. ಎಲ್ಲಿ ತೋರಿಸಿದ್ರೂ ಹಾಕಂಗಿಲ್ಲ.

ಹೇಮಾವತಿ


ವಡೋದರಾ
೨೮ ಜನವರಿ ೨೦೨೫

ಹೇಮಾವತಿ,

ನಿನ್ನ ಪತ್ರಕ್ಕೆ ಮೊದಲು ಒಂದು ಸಿಟ್ಟಿನ ಉತ್ತರ ಬರೆದೆ. ಅದರಲ್ಲಿ ನಾನು ಹೇಳಿದ್ದು: ನೀನು ಒಂದು ಮಾತು ಹೇಳಬಹುದಿತ್ತು. ಒಬ್ಬ ಇಂಜಿನಿಯರ್ ಅರ್ಧ ದಿನ ಹಿಟ್ಟಿಗಾಗಿ ಗೋಡೆ ಬಡಿದ. ನಾನು ಬಗ್ಗಿ ಕೇಳಿದಾಗಲೂ ನೀನು ಬಾಯಿಯ ಬಟ್ಟೆ ಸರಿಸಲಿಲ್ಲ. ನಾನು ಪೂರ್ತಿ ಮಾತಾಡಿ ಮುಗಿಸುವವರೆಗೆ ಬಿಟ್ಟೆ. ಆ ಪತ್ರ ಕಳಿಸಲಿಲ್ಲ. ಆದರೆ ಅದರಲ್ಲಿದ್ದ ಯಾವ ಮಾತೂ ಸುಳ್ಳಲ್ಲ, ಆದ್ದರಿಂದ ಇಲ್ಲಿ ಮತ್ತೆ ಬರೆದಿದ್ದೇನೆ.

ಎರಡನೆಯ ಉತ್ತರ ಕ್ಷಮೆಯದಾಗಿತ್ತು. ಅದು ಓದಲು ಇನ್ನೂ ಕೆಟ್ಟದಾಗಿತ್ತು. ಹರಿದೆ.

ಇದು ಮೂರನೆಯದು. ಆ ದಿನ ನನ್ನ ಎದುರು ಕುಳಿತವಳ ಮುಖ ನೆನಪಿಗೆ ತರಲು ಪ್ರಯತ್ನಿಸಿದೆ. ಬರುವುದಿಲ್ಲ. ಕೈಗಳು ಬರುತ್ತವೆ. ನಾನು ಮಾತಾಡುವಾಗ ಕೈಗಳು ನಿಂತಿರಲಿಲ್ಲ, 'ಸಹಿ ಹಾಕುತ್ತಾಳೆ' ಎಂದಾಗ ನಿಂತವು. ರೊಟ್ಟಿ ಒಂದು ಕಡೆ ದಪ್ಪ ಉಳಿಯಿತು. ನಾನು ಅದನ್ನು ಕಂಡೆ, ಮತ್ತು ಕೆಲಸ ಕಳೆದುಕೊಳ್ಳುವ ಹೆಂಗಸಿನ ಗಾಬರಿ ಎಂದುಕೊಂಡೆ. ನನ್ನ ಊಹೆ ಅಷ್ಟು ತಪ್ಪೂ ಆಗಿರಲಿಲ್ಲ.

ಒಳಗೆ ಗೋಡೆಗಳೇ ಇಲ್ಲದ ಕಟ್ಟಡವನ್ನು ಬರೆದೆ. ಅದರೊಳಗೆ ನೀನು ನನ್ನಿಂದ ಬಚ್ಚಿಟ್ಟೆ, ನಾನು ನಿನ್ನಿಂದ ಬಚ್ಚಿಟ್ಟೆ, ದ್ಯಾಮಣ್ಣ ನಿನ್ನ ಸುದ್ದಿ ನನ್ನಿಂದ, ನನ್ನ ಸುದ್ದಿ ನಿನ್ನಿಂದ ಬಚ್ಚಿಟ್ಟ. ಇದರ ಬಗ್ಗೆ ಯೋಚಿಸಲು ನನಗೆ ಇನ್ನೂ ಸಮಯ ಬೇಕು. ಕಂಪನಿಗೆ ಬೇಡ. ಅವರಿಗೆ ಕಾಯಲು ಸಮಯವಿಲ್ಲ.

ಅವರಿಗೆ ನಾನು ಅಕ್ಟೋಬರಿನಲ್ಲೇ ಮಾತು ಕೊಟ್ಟಿದ್ದೆ. ಇಡೀ ಮಿಶಿನ್ ಮನೆ, ಒಂಬತ್ತು ವರ್ಷಕ್ಕೆ. ನನ್ನ ಸಹಿ ಆಗಿದೆ, ನಿನ್ನದಿಲ್ಲದೆ ಅದು ನಡೆಯುವುದಿಲ್ಲ. ನಾನು ಬಯಸಿದ್ದ ಮೇಜುಗಳು, ನಾನು ಬಯಸಿದ್ದ ಮೌನ ಅವರಲ್ಲಿತ್ತು. ಕಳೆದ ವಾರ ಅವರಿಗೆ ಬರೆದೆ, ಅಲ್ಲಿ ಜನ ಇದ್ದಾರೆ ಎಂದು. ಅವರ ಉತ್ತರ ಒಂದೇ ಸಾಲು. 'ಗೊತ್ತಿದೆ, ಯಾವಾಗ ಖಾಲಿ ಮಾಡುತ್ತಾರೆ?'

ಆ ಸಾಲನ್ನು ನಾನು ಮೊದಲೂ ಎಲ್ಲೋ ಓದಿದ್ದೆ ಅನಿಸಿತು. ಆಮೇಲೆ ನೆನಪಾಯಿತು, ಅದನ್ನು ನಾನೇ ನಿನಗೆ ಬರೆದಿದ್ದೆ.

ಅವರು ಫೆಬ್ರವರಿ ಹತ್ತಕ್ಕೆ ಬರುತ್ತಾರೆ. ಅರ್ಧ ಒಡೆತನ ನಿನ್ನದು, ನಿನ್ನನ್ನೇ ಕೇಳಬೇಕೆಂದು ಹೇಳಿದ್ದೇನೆ. ನೀನು ಅವರಿಗೆ ಏನು ಹೇಳುತ್ತೀಯೋ ಅದೇ ನನ್ನ ಉತ್ತರ. ಇದನ್ನು ಔದಾರ್ಯ ಎಂದು ತಿಳಿಯಬೇಡ. ನನಗೆ ಸಾಕಾಗಿದೆ.

ಕಾಶಿನಾಥ


ಗಂಗಾವತಿ
೧೩ ಫೆಬ್ರವರಿ ೨೦೨೫

ಭಾವನವರೇ,

ಸೋಮವಾರ ಅವರು ಬಂದ್ರು. ಈ ಸಲ ಮೂರು ಮಂದಿ, ಒಬ್ಬಾಕಿ ಹೆಣ್ಣಮಗಳೂ ಇದ್ಲು. ಬಾಗಲದಾಗ ನಿಂತು, ಇಲ್ಲಿ ಹೇಮಾವತಿ ಮೇಡಂ ಯಾರು ಅಂತ ಕೇಳಿದ್ರು. ಒಳಗ ಬಡಿಯೂದು ಒಮ್ಮೆಲೇ ನಿಂತ್ತು. ಇಷ್ಟು ದಿನದಾಗ ಹಂಗ ನಿಂತಿದ್ದಿಲ್ಲ. ಈಗೀಗ ಆ ಸಪ್ಪಳದಾಗೇ ನಿದ್ದಿ ಮಾಡೂದು ಕಲತ ವಿರೂಪಾಕ್ಷಮ್ಮ ಏನಾತು ಅಂತ ಮ್ಯಾಲೆ ಎದ್ದು ಬಂದು ಮೆಟ್ಟಲದಾಗ ನಿಂತ್ಲು. ಸಪ್ಪಳ ನಿಂತದ್ದಕ್ಕೂ ಎಚ್ಚರ ಆಗತೈತಿ ಅಂತ ಆಮ್ಯಾಲೆ ಬೈದ್ಲು.

ನಾನು ಮೊದಲ ಬಾಯಿ ಮ್ಯಾಲಿನ ಅರಿವಿ ಬಿಚ್ಚಿದೆ. ಆಮ್ಯಾಲೆ ಎದ್ದು ನಿಂತೆ. ನಾನೇ ಅಂದೆ.

ಅವರು ಭಾಳ ಹೊತ್ತು ಮಾತಾಡಿದ್ರು. ಗಾಜಿನ ಗೋಡಿ, ಏಸಿ, ಊರಿಗೆ ಹೆಸರು ಬರತೈತಿ, ಈ ಹೆಣ್ಣಮಕ್ಕಳಲ್ಲಿ ಇಬ್ಬರನ್ನ ಕಸ ಹೊಡಿಯಾಕ ಇಟ್ಟುಕೊಳ್ತೀವಿ. ಯಾವ ಇಬ್ಬರನ್ನ ಅಂತ ಬಾನುಬೀ ಕೇಳಿದ್ಲು. ಎಲ್ಲಾ ಕೇಳಿದೆ. ಕೇಳಿ, "ಜಾಗ ಖಾಲಿ ಇಲ್ರಿ" ಅಂದೆ.

ಆ ಹೆಣ್ಣಮಗಳು ನಕ್ಕು, ನೀವು ಯೋಚನೆ ಮಾಡಿ, ನಾವು ಕಾಶಿನಾಥ ಸರ್ ಜೋಡಿ ಮಾತಾಡ್ತೀವಿ ಅಂದ್ಲು. ಮಾತಾಡ್ರಿ, ಅವರೂ ಇದನ್ನೇ ಹೇಳ್ತಾರ ಅಂದೆ. ಅಷ್ಟೂ ಹೆಣ್ಣಮಕ್ಕಳ ಮುಂದ, ವಿರೂಪಾಕ್ಷಮ್ಮನ ಮುಂದ ಅಂದೀನಿ.

ನೀವು ಪತ್ರದಾಗ ಬರದದ್ದು ನನ್ನ ಹತ್ರ ಐತಿ. ಆದ್ರ ಕಾಗದದಾಗ ಬರಿಯೂದು ಬ್ಯಾರೆ, ಅವರ ಮುಂದ ಅನ್ನೂದು ಬ್ಯಾರೆ. ಅವರ ಕಾರು ಇನ್ನೂ ರೋಡ್ ಮುಟ್ಟಿರಲಿಲ್ಲ, ಒಳಗ ಹಲಗಿ ಸುರು ಆದ್ವು. ನಾನು ಅಂದದ್ದನ್ನ ಖರೆ ಅಂತ ನಂಬಿ ಎಲ್ಲಾರೂ ಮತ್ತ ಕುಂತಾರ.

ನನ್ನ ಮಾತು ಸುಳ್ಳ ಮಾಡಬ್ಯಾಡ್ರಿ.

ಹೇಮಾವತಿ